ಜೈಲಿನ ಮೊದಲ ರಾತ್ರಿಗೆ ಮುಂಚೆ ಒಂದು ಹಾಳೆ: ಮಾನಸಿಕ ಕಾಯಿಲೆ ಇದ್ದವರು ಬಂಧನವಾದಾಗ ಮನೆಯವರು ಮಾಡಬೇಕಾದದ್ದು

ಸ್ಕಿಜೋಫ್ರೇನಿಯಾಕ್ಕೋ ಬೈಪೋಲಾರ್‌ಗೋ ತೀವ್ರ ಖಿನ್ನತೆಗೋ ಗುಳಿಗೆ ನುಂಗುತ್ತಿರುವ ಮನುಷ್ಯನನ್ನು ಪೊಲೀಸರು ಕರೆದೊಯ್ದರೆ ಮನೆಯವರು ಮೊದಲು ಓಡುವುದು ವಕೀಲರ ಹತ್ತಿರ. ಓಡಲೇಬೇಕು. ಆದರೆ ಜಾಮೀನಿಗೆ ದಿನಗಟ್ಟಲೆ ಹಿಡಿಯುತ್ತದೆ, ಗುಳಿಗೆ ತಪ್ಪುವುದು ಅವತ್ತು ರಾತ್ರಿಯೇ. ಬೆಳಗಾವಿಯ ಹಿಂಡಲಗಾ ಇರಲಿ, ವಿಜಯಪುರದ ದರ್ಗಾ ಜೈಲಿರಲಿ, ಬಾಗಲಕೋಟೆಯ ಜಿಲ್ಲಾ ಕಾರಾಗೃಹವಿರಲಿ, ಸಂಜೆ ವ್ಯಾನಿನಿಂದ ಇಳಿದವನಿಗೆ ಏನು ಕಾಯಿಲೆ ಎಂದು ಗೇಟಿನಲ್ಲಿರುವವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ವಾರಂಟಿನಲ್ಲಿ ಕಲಮು ಇರುತ್ತದೆ, ಕಾಯಿಲೆ ಇರುವುದಿಲ್ಲ. ಅವನೇ ಹೇಳಲಿ ಎಂದರೆ ಅವನು ಹೇಳುವ ಸ್ಥಿತಿಯಲ್ಲಿರುವುದಿಲ್ಲ, ಇಲ್ಲವೇ ಬ್ಯಾರಕ್ಕಿನಲ್ಲಿ ‘ಹುಚ್ಚ’ ಅನ್ನಿಸಿಕೊಳ್ಳಬೇಕಾದೀತೆಂದು ಮುಚ್ಚಿಡುತ್ತಾನೆ.

ಇಂಥವರು ಅಪರೂಪವೇನಲ್ಲ. 24 ದೇಶಗಳ ಸುಮಾರು 33,000 ಕೈದಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 100ರಲ್ಲಿ ಹೆಚ್ಚುಕಡಿಮೆ 4 ಮಂದಿಗೆ ಸೈಕೋಸಿಸ್ (ಇಲ್ಲದ್ದು ಕೇಳಿಸಿ, ಕಾಣಿಸಿ ವಾಸ್ತವದ ಅರಿವು ತಪ್ಪುವ ಸ್ಥಿತಿ) ಇತ್ತು. ತೀವ್ರ ಖಿನ್ನತೆ ಗಂಡಸರಲ್ಲಿ 100ಕ್ಕೆ 10, ಹೆಂಗಸರಲ್ಲಿ 14. ಎಂದರೆ 50 ಜನ ಮಲಗುವ ಒಂದು ಬ್ಯಾರಕ್ಕಿನಲ್ಲಿ ಇಬ್ಬರಿಗೆ ಸೈಕೋಸಿಸ್, ಐದಾರು ಮಂದಿಗೆ ತೀವ್ರ ಖಿನ್ನತೆ ಇದ್ದರೆ ಅದು ನಿರೀಕ್ಷಿತ ಲೆಕ್ಕವೇ.

ಆ ಒಂದು ಹಾಳೆ

ಪೊಲೀಸರು ಬಂದು ಹೋದ ಒಂದು ತಾಸಿನೊಳಗೆ, ಬೇರೆ ಯಾವ ಕೆಲಸಕ್ಕೂ ಮುಂಚೆ, ಒಂದು ಹಾಳೆ ಬರೆಯಿರಿ. ಅಕ್ಷರ ದೊಡ್ಡದಿರಲಿ, ಒಂದೇ ಪುಟಕ್ಕೆ ಮುಗಿಯಲಿ. ಎರಡನೇ ಪುಟ ತಿರುಗಿಸಲು ಗೇಟಿನಲ್ಲಿ ಯಾರಿಗೂ ಹೊತ್ತಿರುವುದಿಲ್ಲ. ಮಾದರಿ ಹೀಗಿದೆ:

ಗೆ, ಅಧೀಕ್ಷಕರು ಮತ್ತು ವೈದ್ಯಾಧಿಕಾರಿಗಳು, ಕೇಂದ್ರ ಕಾರಾಗೃಹ, ಹಿಂಡಲಗಾ, ಬೆಳಗಾವಿ.
ಹೆಸರು, ತಂದೆಯ ಹೆಸರು, ವಯಸ್ಸು, ಪೊಲೀಸ್ ಠಾಣೆ, ಅಪರಾಧ ಸಂಖ್ಯೆ.
ಕಾಯಿಲೆ: ಸ್ಕಿಜೋಫ್ರೇನಿಯಾ, 6 ವರ್ಷದಿಂದ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ. ಓಪಿಡಿ ಚೀಟಿಯ ನಕಲು ಜೊತೆಗಿದೆ.
ಗುಳಿಗೆ: ರಿಸ್ಪೆರಿಡೋನ್ 4 ಮಿ.ಗ್ರಾಂ, ರಾತ್ರಿ 1. ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ, ಬೆಳಿಗ್ಗೆ 1. ಕೊನೆಯ ಸಲ ನುಂಗಿದ್ದು ಸೋಮವಾರ ರಾತ್ರಿ 9ಕ್ಕೆ.
ಸೂಜಿ: ಸದ್ಯ ಇಲ್ಲ.
ಗುಳಿಗೆ ತಪ್ಪಿದಾಗ ಆಗುವುದು: 4–5 ದಿನಕ್ಕೆ ನಿದ್ದೆ ಹೋಗುತ್ತದೆ. ಆಮೇಲೆ ಊಟದಲ್ಲಿ ಏನೋ ಹಾಕಿದ್ದಾರೆಂದು ಊಟ ಬಿಡುತ್ತಾನೆ.
ಜೀವಕ್ಕೆ ಅಪಾಯ ಮಾಡಿಕೊಂಡದ್ದು: 2 ವರ್ಷದ ಹಿಂದೆ ಒಮ್ಮೆ.
ಬೇರೆ ಕಾಯಿಲೆ: ಮೂರ್ಛೆ ಇಲ್ಲ, ಸಕ್ಕರೆ ಇಲ್ಲ. ಪೆನಿಸಿಲಿನ್ ಆಗಿಬರುವುದಿಲ್ಲ.
ಕುಡಿತ: ದಿನಾ ಒಂದು ಕ್ವಾರ್ಟರ್. ಕೊನೆಯದು ಭಾನುವಾರ ಸಂಜೆ.
ಸಂಭಾಳಿಸುವುದು ಹೇಗೆ: ಕೂರಿಸಿ ಮೆಲ್ಲಗೆ ಮಾತಾಡಿಸಿದರೆ ಕೇಳುತ್ತಾನೆ. ಹಿಂದಿನಿಂದ ಹೆಗಲು ಮುಟ್ಟಿದರೆ ಗಾಬರಿಯಾಗಿ ಕೈ ಎತ್ತುತ್ತಾನೆ.
ಬರೆದವರು: ಅಕ್ಕ, ಫೋನ್ ಸಂಖ್ಯೆ.

‘ಗುಳಿಗೆ ತಪ್ಪಿದಾಗ ಆಗುವುದು’ ಎಂಬ ಸಾಲು ಎಲ್ಲಕ್ಕಿಂತ ಬೆಲೆಬಾಳುವುದು. ಕಾಯಿಲೆಯ ಹೆಸರನ್ನು ವೈದ್ಯರು ಚೀಟಿ ನೋಡಿ ತಿಳಿದುಕೊಳ್ಳುತ್ತಾರೆ. ಈ ಮನುಷ್ಯನಿಗೆ ಕಾಯಿಲೆ ಮರಳುವಾಗ ಮೊದಲು ಏನು ಕೆಡುತ್ತದೆ ಎನ್ನುವುದು ಮನೆಯವರಿಗೆ ಮಾತ್ರ ಗೊತ್ತು. ಒಬ್ಬರಿಗೆ ನಿದ್ದೆ ಕೆಡುತ್ತದೆ, ಒಬ್ಬರು ಸ್ನಾನ ಬಿಡುತ್ತಾರೆ, ಮತ್ತೊಬ್ಬರು ಇದ್ದಕ್ಕಿದ್ದಂತೆ ದೇವರ ಮಾತೇ ಆಡತೊಡಗುತ್ತಾರೆ.

ಒಂದು ಎಚ್ಚರ. ಹಾಳೆಯಲ್ಲಿ ಪ್ರಕರಣದ ಬಗ್ಗೆ ಒಂದಕ್ಷರವೂ ಬೇಡ. ‘ಅವತ್ತು ಗುಳಿಗೆ ನುಂಗಿರಲಿಲ್ಲ, ಅದಕ್ಕೇ ಹೊಡೆದ’ ಎಂದು ಕನಿಕರದಿಂದ ಬರೆದ ಸಾಲು ಆಮೇಲೆ ಕೇಸಿನೊಳಗೆ ಸೇರಿಕೊಳ್ಳಬಹುದು. ಆ ಮಾತು ವಕೀಲರ ಮುಂದೆ ಮಾತ್ರ.

ಐದು ಪ್ರತಿ ಮಾಡಿಸಿ. ಒಂದು ತನಿಖಾಧಿಕಾರಿಗೆ, ಒಂದು ವಕೀಲರ ಮೂಲಕ ಮ್ಯಾಜಿಸ್ಟ್ರೇಟರಿಗೆ, ಒಂದು ಜೈಲು ಅಧೀಕ್ಷಕರಿಗೆ, ಒಂದು ಜೈಲಿನ ವೈದ್ಯರಿಗೆ, ಒಂದು ನಿಮ್ಮಲ್ಲಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ದಿನಾಂಕ, ಸಮಯ ಹಾಕಿಸಿಕೊಳ್ಳಿ. ಗೇಟಿನಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮುಂದೆ ‘ನಮಗೆ ಗೊತ್ತೇ ಇರಲಿಲ್ಲ’ ಎಂಬ ಮಾತು ಬಂದಾಗ ತೋರಿಸಲು ಆ ರಸೀದಿ ಬೇಕು.

ಚೀಟಿ ಕಳೆದಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲಿ ಹೆಸರು ಮತ್ತು ಓಪಿಡಿ ಸಂಖ್ಯೆ ಹೇಳಿ ದಾಖಲೆ ಕೇಳಿ. ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 25ನೇ ಕಲಮು ರೋಗಿಗೆ ಕೊಟ್ಟಿದೆ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯ ತಪಾಸಣೆಯಾದ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ತೋರಿಸುತ್ತಿದ್ದವರಾದರೆ ಅಲ್ಲಿಯೇ ವಿಚಾರಿಸಿ. ಏನೂ ಸಿಗದಿದ್ದರೆ ಖಾಲಿಯಾದ ಗುಳಿಗೆ ಪಟ್ಟಿಯಾದರೂ ತನ್ನಿ. ಅದರ ಬೆನ್ನಿನ ಮೇಲೆ ಹೆಸರೂ ಪ್ರಮಾಣವೂ ಅಚ್ಚಾಗಿರುತ್ತವೆ.

ಮೈಮೇಲೆ ದೇವರು ಬರುತ್ತದೆ, ಗಾಳಿ ಸೋಕಿದೆ ಎಂದು ಇಷ್ಟು ದಿನ ಗುಡಿ, ದರ್ಗಾ ಸುತ್ತಿದ್ದು ಆಸ್ಪತ್ರೆಗೆ ತೋರಿಸಿಯೇ ಇಲ್ಲ ಎಂದಾದರೂ ಹಾಳೆ ಬರೆಯಿರಿ. ಯಾವಾಗಿನಿಂದ, ಏನೇನು ಬದಲಾಯಿತು ಎಂದು ಕಂಡದ್ದನ್ನು ಕಂಡಹಾಗೆ ಬರೆದರೆ ಸಾಕು. ಕಾಯಿಲೆಗೆ ಹೆಸರಿಡುವುದು ವೈದ್ಯರ ಕೆಲಸ.

ತಪ್ಪಿದರೆ ಹೆಚ್ಚು ಕಾಡುವ ಔಷಧಿಗಳು

ಎಲ್ಲ ಗುಳಿಗೆಯೂ ಒಂದೇ ತೂಕದ್ದಲ್ಲ. ಕ್ಲೋಜಪಿನ್ ನುಂಗುತ್ತಿದ್ದವರಿಗೆ 48 ತಾಸಿಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣವನ್ನು ಒಮ್ಮೆಲೇ ಕೊಡುವಂತಿಲ್ಲ. ರಕ್ತದೊತ್ತಡ ಕುಸಿದು ಬೀಳುವ ಅಪಾಯವಿದೆ. 12.5 ಮಿ.ಗ್ರಾಂನಿಂದ ಮತ್ತೆ ಮೆಟ್ಟಿಲು ಹತ್ತಬೇಕು. ಆದ್ದರಿಂದ ಕೊನೆಯ ಸಲ ನುಂಗಿದ ತಾಸನ್ನು ಕೆಂಪು ಶಾಯಿಯಲ್ಲಿ ಬರೆಯಿರಿ.

ಲಿಥಿಯಂ ಇದ್ದವರದು ಬೇರೆ ಕತೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅದರ ಮೇಲೆ ಮೈಕೈ ನೋವೆಂದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಕೊಟ್ಟರೆ ಮಟ್ಟ ಇನ್ನೂ ಏರುತ್ತದೆ. ಬಂಧನದ ಮರುದಿನ ನೋವಿನ ಗುಳಿಗೆ ಕೇಳದವರೇ ಕಡಿಮೆ. ಹಾಗಾಗಿ ‘ಲಿಥಿಯಂ ಇದೆ, ಈ ನೋವಿನ ಗುಳಿಗೆ ಬೇಡ’ ಎಂದು ಹಾಳೆಯಲ್ಲಿ ಬಿಡಿಸಿ ಬರೆಯಿರಿ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ಕಾಲು ಎಡವುವುದು, ಮಾತು ತೊದಲುವುದು ಕಂಡರೆ ಲಿಥಿಯಂ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಿ ರಕ್ತ ಪರೀಕ್ಷೆ ಮಾಡಿಸಬೇಕು.

ಸೂಜಿಯ ಮೇಲಿದ್ದವರಿಗೆ ದಿನಾಂಕವೇ ಮುಖ್ಯ. ಫ್ಲುಫೆನಜಿನ್ ಡೆಕನೋಯೇಟ್ ಅನ್ನು ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ, ಹ್ಯಾಲೋಪೆರಿಡಾಲ್ ಡೆಕನೋಯೇಟ್ ಅನ್ನು 4 ವಾರಕ್ಕೊಮ್ಮೆ ಕೊಡುತ್ತಾರೆ. ಕೊನೆಯ ಸೂಜಿ ಹಾಕಿದ್ದು ಯಾವಾಗ, ಮುಂದಿನದು ಯಾವಾಗ ಎಂದು ಎರಡೂ ತಾರೀಖು ಬರೆಯಿರಿ. ದಿನಾ ಗುಳಿಗೆ ನುಂಗಿಸುವವರು ಇಲ್ಲದ ಕಡೆ ಸೂಜಿಯೇ ಮೇಲು. ಜೈಲಿನಲ್ಲಿ ಗುಳಿಗೆ ಪದೇ ಪದೇ ತಪ್ಪುತ್ತಿದ್ದರೆ ಸೂಜಿಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಬೇರೆ ಔಷಧಿಯಿಂದಾಗುವ ಬಿಗಿತ, ನಡುಕ ತಡೆಯಲು ಕೊಡುವ ಟ್ರೈಹೆಕ್ಸಿಫೆನಿಡಿಲ್ ಎಂಬ ಸಣ್ಣ ಗುಳಿಗೆಗೆ ಒಳಗೆ ಗಿರಾಕಿಗಳಿರುತ್ತಾರೆ. ಅಮಲಿಗಾಗಿ ಕಸಿದುಕೊಳ್ಳುತ್ತಾರೆ. ರೋಗಿಯ ಕತ್ತು ಒಂದು ಕಡೆ ತಿರುಚಿಕೊಂಡರೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ ಅದನ್ನು ‘ದೆವ್ವ’ ಅಂದುಕೊಳ್ಳಬಾರದು. ಹ್ಯಾಲೋಪೆರಿಡಾಲ್‌ನಂಥ ಔಷಧಿಯಿಂದ ಹಾಗಾಗುತ್ತದೆ, ಪ್ರೊಮೆಥಜಿನ್ ಸೂಜಿಯಿಂದ ಬೇಗನೆ ಇಳಿಯುತ್ತದೆ. ಜ್ವರ ಏರಿ, ಮೈ ಕೊರಡಿನಂತೆ ಬಿಗಿದು, ಎಚ್ಚರ ತಪ್ಪುತ್ತಿದ್ದರೆ ಮಾತ್ರ ಜೀವಕ್ಕೇ ಅಪಾಯ. ಆ ಔಷಧಿಯನ್ನು ಕೂಡಲೇ ನಿಲ್ಲಿಸಿ ಜಿಲ್ಲಾಸ್ಪತ್ರೆಗೆ ಸಾಗಿಸಬೇಕು.

ಮ್ಯಾಜಿಸ್ಟ್ರೇಟರ ಮುಂದೆ

ಬಂಧಿಸಿದವರನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ದಾರಿಯ ಸಮಯ ಇದರಲ್ಲಿ ಸೇರುವುದಿಲ್ಲ. ಅದಕ್ಕೂ ಮುಂಚೆ ಸರ್ಕಾರಿ ವೈದ್ಯರು ಪರೀಕ್ಷೆ ಮಾಡುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮಿನಂತೆ ಆ ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಅವನು ಹೆಸರಿಸಿದವರಿಗೆ ಕೊಡಬೇಕು. ಅವಸರದಲ್ಲಿ ಗಾಯ ನೋಡಿ ‘ಆರೋಗ್ಯವಾಗಿದ್ದಾರೆ’ ಎಂದು ಬರೆದುಬಿಡುವುದುಂಟು. ಹಾಳೆ ಆ ವೈದ್ಯರ ಕೈ ಸೇರಿದ್ದರೆ ಹಾಗೆ ಬರೆಯುವುದು ಕಷ್ಟ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗಬೇಕು.

ವಕೀಲರಿಂದ ಕೇಳಿಸಬೇಕಾದ ಮಾತು ಇಷ್ಟೇ: ‘ಆರೋಪಿ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿದ್ದಾರೆ. ಜೈಲಿನ ವೈದ್ಯಾಧಿಕಾರಿ 24 ತಾಸಿನೊಳಗೆ ಪರೀಕ್ಷಿಸಿ, ಔಷಧಿ ಮುಂದುವರಿಸಿ, ಮನೋವೈದ್ಯರಿಗೆ ತೋರಿಸಿ ವರದಿ ಸಲ್ಲಿಸುವಂತೆ ವಾರಂಟಿನಲ್ಲಿಯೇ ಆದೇಶಿಸಬೇಕು.’ ಬಾಯಿಮಾತಿನ ಸೂಚನೆ ಕೋರ್ಟಿನ ಹೊಸ್ತಿಲಲ್ಲೇ ಉಳಿಯುತ್ತದೆ. ವಾರಂಟಿನ ಮೇಲೆ ಬರೆದದ್ದು ಜೈಲಿನ ರಿಜಿಸ್ಟರಿಗೆ ಏರುತ್ತದೆ.

ಗೇಟಿನ ಒಳಗೆ: ವೈದ್ಯ ಸಿಬ್ಬಂದಿ ಮತ್ತು ಕಾನೂನು ಸ್ವಯಂಸೇವಕರಿಗೆ

ಒಳಗೆ ಬಂದವರ ಆರೋಗ್ಯ ತಪಾಸಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲೇ ಒಂದು ನಮೂನೆ ಕೊಟ್ಟಿದೆ. ಜೈಲಿನ ಎಲ್ಲ ವೈದ್ಯಾಧಿಕಾರಿಗಳಿಗೂ ಮಾನಸಿಕ ಕಾಯಿಲೆಯ ಪ್ರಾಥಮಿಕ ಮತ್ತು ತುರ್ತು ಚಿಕಿತ್ಸೆಯ ತರಬೇತಿ ಕೊಡಬೇಕೆಂದು 2017ರ ಕಾಯ್ದೆಯೂ ಹೇಳುತ್ತದೆ. ಕೆಡುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ಹತ್ತು ಜನರ ಸಾಲಿನಲ್ಲಿ ನಿಲ್ಲಿಸಿ ‘ನಿನಗೆ ಮಾನಸಿಕ ಕಾಯಿಲೆ ಇದೆಯಾ?’ ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ, ಪೊಲೀಸರು ಮಾತು ಕೇಳದಷ್ಟು ದೂರವಿರಲಿ, ಕೈದಿಯ ಭಾಷೆಯಲ್ಲೇ ಕೇಳಬೇಕು. ಬೆಳಗಾವಿಯಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಬೇಕಾಗುತ್ತದೆ. ಕನ್ನಡದವರಿಗೆ ಹೀಗೆ:

‘ಮೊದಲ ಯಾವಾಗರ ತೆಲಿಗೆ ಗುಳಿಗಿ, ಸೂಜಿ ತಗೊಂಡಿದ್ರೇನು? ಧಾರವಾಡಕ್ಕ ಹೋಗಿದ್ರೇನು?’
‘ಯಾರೂ ಇಲ್ಲದಾಗ ಮಾತು ಕೇಳಿಸ್ತಾವೇನು? ಏನ್ ಅಂತಾವ?’
‘ಯಾರರ ನಿಮಗ ಕೇಡು ಮಾಡಾಕತ್ತಾರ, ಊಟದಾಗ ಏನರ ಹಾಕತಾರ ಅನಸ್ತೈತೇನು?’
‘ನಿದ್ದಿ ಎಷ್ಟ ದಿನದಿಂದ ಇಲ್ಲ? ನಿದ್ದಿ ಇಲ್ಲದಿದ್ರೂ ದಣಿವ ಆಗವಲ್ದೇನು?’
‘ಜೀವಾ ಬ್ಯಾಡ ಅನಿಸೈತೇನು? ಇವತ್ತೂ ಅನಸಾಕತ್ತೈತೇನು?’
‘ಕಡೀ ಸಲ ಕುಡಿದಿದ್ದು ಯಾವಾಗ? ದಿನಾ ಎಷ್ಟ ಬೇಕಾಕ್ಕಿತ್ತು?’

‘ಧಾರವಾಡ’ ಎಂದರೆ ಸಾಕು, ಈ ಕಡೆಯವರಿಗೆ ಅರ್ಥವಾಗುತ್ತದೆ. ಮೊದಲ ಪ್ರಶ್ನೆಗೆ ಹೌದು ಎಂದರೆ ಬೇರೆ ಏನೂ ಇಲ್ಲದಿದ್ದರೂ ಮರುದಿನವೇ ವೈದ್ಯರು ನೋಡಬೇಕು. ಐದನೆಯದಕ್ಕೆ ಹೌದು ಎಂದರೆ ಆ ಹೊತ್ತಿನಿಂದಲೇ ಒಬ್ಬರ ಕಣ್ಣು ಅವರ ಮೇಲಿರಬೇಕು. ಸಾಯುವ ಮಾತು ಕೇಳಿದರೆ ಆ ಯೋಚನೆ ತಲೆಗೆ ಬಂದೀತೆಂಬ ಅಂಜಿಕೆ ಬೇಡ. ಕೇಳಿದ್ದರಿಂದ ಎದೆಯ ಭಾರ ಇಳಿದವರೇ ಹೆಚ್ಚು.

ಕುಡಿತ ನಿಂತಾಗಿನ ಭ್ರಮೆಯನ್ನು ಹುಚ್ಚು ಅಂದುಕೊಳ್ಳುವುದು ದೊಡ್ಡ ತಪ್ಪು, ಪ್ರಾಣ ತೆಗೆಯುವಂಥದ್ದು. ದಿನಾ ಕುಡಿಯುತ್ತಿದ್ದವನಿಗೆ ಕೊನೆಯ ಗುಟುಕಿನಿಂದ 6–8 ತಾಸಿಗೆ ನಡುಕ, ಬೆವರು ಶುರುವಾಗುತ್ತದೆ. 6ರಿಂದ 48 ತಾಸಿನ ನಡುವೆ ಫಿಟ್ಸ್ ಬರಬಹುದು. 48ರಿಂದ 96 ತಾಸಿನಲ್ಲಿ ಹೊತ್ತು ಗೊತ್ತು ತಪ್ಪುತ್ತದೆ. ಭಾನುವಾರ ಸಂಜೆ ಕುಡಿದು ಬಂಧನವಾದವನು ಬುಧವಾರ ಬ್ಯಾರಕ್ಕಿನಲ್ಲಿ ಗೋಡೆಯ ಮೇಲಿನ ಇಲ್ಲದ ಇರುವೆ ಒರೆಸುತ್ತ, ಮನೆಯಲ್ಲಿದ್ದೇನೆ ಅಂದುಕೊಂಡು ಹೆಂಡತಿಯನ್ನು ಕರೆಯುತ್ತಿರುತ್ತಾನೆ. ಸ್ಕಿಜೋಫ್ರೇನಿಯಾದಲ್ಲಿ ಹೆಚ್ಚಾಗಿ ಕೇಳಿಸುತ್ತದೆ, ಇಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಸ್ಕಿಜೋಫ್ರೇನಿಯಾದವನು ಸಾಮಾನ್ಯವಾಗಿ ಇವತ್ತು ಯಾವ ವಾರ, ಇದು ಯಾವ ಊರು ಎಂದು ಸರಿಯಾಗಿ ಹೇಳುತ್ತಾನೆ, ಇವನು ಹೇಳಲಾರ. ಇವನನ್ನು ಸೆಲ್ಲಿಗೆ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಗ್ಲೂಕೋಸ್ ಏರಿಸುವ ಮುಂಚೆ ಥಯಾಮಿನ್ ಸೂಜಿ ಬೇಕು. ಇಲ್ಲದಿದ್ದರೆ ಮಿದುಳಿಗೆ ಸರಿಪಡಿಸಲಾಗದ ಪೆಟ್ಟು ಬೀಳಬಹುದು. ತಲೆಗೆ ಬಿದ್ದ ಏಟು, ಕುಸಿದ ಸಕ್ಕರೆ, ಜ್ವರ ಇವೂ ಹೀಗೇ ಕಾಣುತ್ತವೆ. ಸಕ್ಕರೆ ಪರೀಕ್ಷೆಗೆ ಒಂದು ಹನಿ ರಕ್ತ, ಒಂದು ನಿಮಿಷ ಸಾಕು.

ಹೆರಿಗೆಯಾಗಿ ಕೆಲವೇ ವಾರಗಳಾದ ಹೆಣ್ಣುಮಗಳು ಬಂದರೆ ಪ್ರಶ್ನೆಪಟ್ಟಿ ಮುಗಿಯುವವರೆಗೆ ಕಾಯಬೇಡಿ. ನಿದ್ದೆಗೆಟ್ಟು, ಅಸಂಬದ್ಧ ಮಾತಾಡುತ್ತ, ಕೂಸಿನ ಬಗ್ಗೆ ವಿಚಿತ್ರ ಅಂಜಿಕೆ ಹೇಳುತ್ತಿದ್ದರೆ ಅದು ತುರ್ತು ಪರಿಸ್ಥಿತಿ. ಕೂಸು ಜೊತೆಗಿದ್ದರೆ ಇಬ್ಬರ ಹತ್ತಿರವೂ ಯಾರಾದರೂ ಇರಲೇಬೇಕು.

‘ನಾಟಕ ಮಾಡಾಕತ್ತಾನ’ ಎಂಬ ಮಾತು ಮೊದಲ ದಿನವೇ ಏಳುತ್ತದೆ. ತೀರ್ಮಾನಕ್ಕೆ ಬರುವ ಮುಂಚೆ ಮೂರು ರಾತ್ರಿ ನೋಡಿ ಬರೆದಿಡಿ. ಎಷ್ಟಕ್ಕೆ ಮಲಗಿದ, ಎಷ್ಟಕ್ಕೆ ಎದ್ದ, ತಟ್ಟೆಯಲ್ಲಿ ಎಷ್ಟು ಬಿಟ್ಟ, ಸ್ನಾನ ಮಾಡಿದನೇ, ಯಾರೂ ನೋಡದಾಗ ಏನು ಮಾಡುತ್ತಿದ್ದ. ನಟಿಸುವವನಿಗೆ ರಾತ್ರಿ ಎರಡಕ್ಕೆ ನೋಡುಗರು ಬೇಕು, ಕಾಯಿಲೆಯವನಿಗೆ ಬೇಕಿಲ್ಲ. ಕೂಗಾಡುವವನನ್ನು ಎಲ್ಲರೂ ಗಮನಿಸುತ್ತಾರೆ. ನಮಗೆ ಹೆಚ್ಚು ಚಿಂತೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತವನದು. ‘ಶಾಂತ ಇದಾನ, ಏನೂ ತ್ರಾಸಿಲ್ಲ’ ಎಂದು ಎಲ್ಲರೂ ಬಿಟ್ಟುಬಿಡುವ ಅವನೇ ಮೂರು ದಿನದಿಂದ ಉಂಡಿರುವುದಿಲ್ಲ. ಊಟದಲ್ಲಿ ವಿಷವಿದೆ ಎಂಬ ಸಂಶಯ ಅವನಿಗಿದ್ದರೆ ತಟ್ಟೆಗೆ ಬಡಿಸಿ ತಂದಿಡಬೇಡಿ. ಎಲ್ಲರಿಗೂ ಬಡಿಸುವ ಪಾತ್ರೆಯ ಮುಂದೆ ಕೂರಿಸಿ, ಬೇರೆಯವರು ಎತ್ತಿಕೊಂಡ ಬುಟ್ಟಿಯಿಂದಲೇ ಅವನ ಕೈಯಿಂದ ರೊಟ್ಟಿ ತೆಗೆದುಕೊಳ್ಳಲಿ.

ಜೀವದ ಅಪಾಯ ಇದ್ದವರನ್ನು ಒಂಟಿ ಸೆಲ್ಲಿನಲ್ಲಿ ಇಡಬಾರದು. ಒಂಟಿತನ ಅಪಾಯವನ್ನು ಹೆಚ್ಚಿಸುತ್ತದೆ. ಒಳಬಂದ ಮೊದಲ ದಿನಗಳು, ಜಾಮೀನು ತಿರಸ್ಕಾರವಾದ ಸಂಜೆ, ಮನೆಯಿಂದ ಕೆಟ್ಟ ಸುದ್ದಿ ಬಂದ ದಿನ, ಶಿಕ್ಷೆ ಪ್ರಕಟವಾದ ರಾತ್ರಿ, ಈ ಹೊತ್ತುಗಳಲ್ಲಿ ಕಾವಲು ಬಿಗಿಯಾಗಬೇಕು.

ಮುಲಾಕಾತ್

ಭೇಟಿಗೆ ಸಿಗುವುದು ಕೆಲವೇ ನಿಮಿಷ. ಕೇಸಿನ ಮಾತು ಎತ್ತುವ ಮುಂಚೆ ಮನುಷ್ಯನನ್ನು ನೋಡಿ: ತುಟಿ ಒಣಗಿದೆಯೇ, ಜೊಲ್ಲು ಸುರಿಯುತ್ತಿದೆಯೇ, ಕೈ ನಡುಗುತ್ತಿದೆಯೇ, ಪ್ರಶ್ನೆಗೂ ಉತ್ತರಕ್ಕೂ ನಡುವೆ ಅಂತರ ಬೀಳುತ್ತಿದೆಯೇ. ‘ಗುಳಿಗಿ ತಗೋತಿಯೇನು?’ ಎಂದರೆ ಹೂಂ ಎನ್ನುತ್ತಾನೆ. ‘ನಿನ್ನೆ ರಾತ್ರಿ ಯಾರು ಕೊಟ್ರು, ಯಾವ ಬಣ್ಣದ್ದು, ಎಷ್ಟು?’ ಎಂದು ಕೇಳಿ. ಕಂಡದ್ದನ್ನು ಮನೆಗೆ ಬಂದ ಕೂಡಲೇ ತಾರೀಖು ಹಾಕಿ ಬರೆದಿಡಿ, ಕೆಟ್ಟಿದ್ದರೆ ಅವತ್ತೇ ಅಧೀಕ್ಷಕರಿಗೆ ಅರ್ಜಿ ಕೊಡಿ. ಸಾವು, ಹೆಂಡತಿ ತವರಿಗೆ ಹೋದದ್ದು, ಹೊಲ ಮಾರಿದ್ದು ಇಂಥ ಸುದ್ದಿಯನ್ನು ಭೇಟಿಯ ಕೊನೆಯ ನಿಮಿಷದಲ್ಲಿ ಹೇಳಿ ಎದ್ದು ಬರಬೇಡಿ. ಹೇಳಲೇಬೇಕಿದ್ದರೆ ಮೊದಲು ಜೈಲರ್ ಸಾಹೇಬರಿಗೆ ತಿಳಿಸಿ, ಆ ರಾತ್ರಿ ಅವನ ಮೇಲೆ ಕಣ್ಣಿಡುವಂತೆ ಕೇಳಿಕೊಳ್ಳಿ.

ಒಳಗೆ ಚಿಕಿತ್ಸೆ ಸಾಲದಿದ್ದರೆ

ಧಾರವಾಡದ ಡಿಮ್ಹಾನ್ಸ್ ಬೆಳಗಾವಿಯಿಂದ ಸುಮಾರು 80 ಕಿ.ಮೀ., ವಿಜಯಪುರದಿಂದ ಸುಮಾರು 200. ಕೈದಿಯನ್ನು ಕರೆದೊಯ್ಯಲು ಪೊಲೀಸ್ ಎಸ್ಕಾರ್ಟ್ ಬೇಕು. ಬಂದೋಬಸ್ತಿನ ದಿನಗಳಲ್ಲಿ ಎಸ್ಕಾರ್ಟ್ ಸಿಗದೆ ತಪಾಸಣೆಯ ತಾರೀಖು ತಪ್ಪುತ್ತದೆ. ತಾರೀಖಿಗೆ ಒಂದು ವಾರ ಮುಂಚೆಯೇ ಲಿಖಿತ ಅರ್ಜಿ ಕೊಡಿ. ಎರಡು ಸಲ ತಪ್ಪಿದರೆ ಕೋರ್ಟಿಗೆ ತಿಳಿಸಿ. ಅಲ್ಲಿಯವರೆಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರು ಜೈಲಿಗೆ ಬರಲು ಅಥವಾ ವಿಡಿಯೋದಲ್ಲಿ ನೋಡಲು ಸಾಧ್ಯವೇ ಎಂದು ಕೇಳಿ.

2017ರ ಕಾಯ್ದೆಯ 103ನೇ ಕಲಮು ಮಾನಸಿಕ ಕಾಯಿಲೆಯ ಕೈದಿಗಳಿಗಾಗಿಯೇ ಇದೆ. ಅವರನ್ನು ಜೈಲಿನ ವೈದ್ಯಕೀಯ ವಿಭಾಗದ ಮನೋರೋಗ ವಾರ್ಡಿಗೆ ಅಥವಾ ಮಾನಸಿಕ ಆಸ್ಪತ್ರೆಗೆ ಸೇರಿಸಬಹುದು. ಜೈಲಿನಲ್ಲಿ ಅಂಥ ಕೈದಿಗಳು ಇಲ್ಲವೆಂದು ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಪ್ರಮಾಣೀಕರಿಸಬೇಕು. ಇದ್ದರೆ ಆಸ್ಪತ್ರೆಗೆ ಯಾಕೆ ಕಳಿಸಿಲ್ಲ ಎಂದು ಮಂಡಳಿ ಕೇಳಬಹುದು. ನಿಮ್ಮ ಅರ್ಜಿಯಲ್ಲಿ ಈ ಕಲಮಿನ ಸಂಖ್ಯೆ ಬರೆಯಿರಿ. ಸಂಖ್ಯೆ ಕಂಡ ಅರ್ಜಿ ಬೇಗ ಓಡುತ್ತದೆ.

ಕೋರ್ಟಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಕಲಸಬೇಡಿ. ಕೃತ್ಯದ ಹೊತ್ತಿನಲ್ಲಿ ತಾನು ಮಾಡುತ್ತಿರುವುದು ತಿಳಿಯದ ಸ್ಥಿತಿಯಲ್ಲಿದ್ದನೇ ಎಂಬುದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು. ಚೀಟಿ ಇದ್ದ ಮಾತ್ರಕ್ಕೆ ಅದು ಸಾಬೀತಾಗುವುದಿಲ್ಲ. ಈಗ ತನ್ನ ಪರ ವಾದಿಸಿಕೊಳ್ಳಲು ಶಕ್ತನೇ ಎಂಬುದು ನಾಗರಿಕ ಸುರಕ್ಷಾ ಸಂಹಿತೆಯ 367, 368. ಶಕ್ತನಲ್ಲ ಎಂದಾದರೆ ವಿಚಾರಣೆ ಮುಂದೂಡಲ್ಪಡುತ್ತದೆ. ಸಣ್ಣ ಕೇಸಿನಲ್ಲಿ ಅವಸರಪಟ್ಟು ಈ ಅರ್ಜಿ ಹಾಕಿ ಸುಮ್ಮನಾದರೆ ಶಿಕ್ಷೆಗಿಂತ ಹೆಚ್ಚು ಕಾಲ ಒಳಗೇ ಕೊಳೆಯುವ ಅಪಾಯವಿದೆ. ಆದ್ದರಿಂದ ಅದರ ಜೊತೆಗೇ 369ರ ಅರ್ಜಿಯೂ ಹೋಗಲಿ: ಒಳರೋಗಿಯಾಗಿ ಇರಬೇಕಾದ ಅಗತ್ಯವಿಲ್ಲದಿದ್ದರೆ, ಹತ್ತಿರದ ಆಸ್ಪತ್ರೆಯಲ್ಲಿ ಕ್ರಮವಾಗಿ ತೋರಿಸುತ್ತೇವೆ, ತನಗಾಗಲಿ ಇತರರಿಗಾಗಲಿ ಅಪಾಯ ಮಾಡದಂತೆ ನೋಡಿಕೊಳ್ಳುತ್ತೇವೆ ಎಂದು ಬಂಧು ಅಥವಾ ಸ್ನೇಹಿತರು ಮುಚ್ಚಳಿಕೆ ಕೊಟ್ಟರೆ ಜಾಮೀನಿನ ಮೇಲೆ ಬಿಡುಗಡೆ ಸಿಗುತ್ತದೆ. ಜಾಮೀನುರಹಿತ ಅಪರಾಧಕ್ಕೂ ಇದು ಅನ್ವಯಿಸುತ್ತದೆ. ಮುಚ್ಚಳಿಕೆಗೆ ಯಾರು ಸಹಿ ಮಾಡುತ್ತಾರೆ, ಯಾವ ಆಸ್ಪತ್ರೆ, ಯಾವ ವಾರ ಎಂದು ಮೊದಲೇ ಮನೆಯಲ್ಲಿ ಕೂತು ನಿಶ್ಚಯಿಸಿ.

ಬಿಡುಗಡೆಯ ದಿನ

ಜಾಮೀನಿನ ಆದೇಶ ಸಂಜೆ ತಲುಪಿ ಕತ್ತಲಾದ ಮೇಲೆ ಗೇಟಿನಿಂದ ಹೊರಬಿಡುವುದುಂಟು. ಕೈಯಲ್ಲಿ ಚೀಟಿ ಇರುವುದಿಲ್ಲ, ಗುಳಿಗೆ ಇರುವುದಿಲ್ಲ, ಮನೆಯವರಿಗೆ ಸುದ್ದಿ ಇರುವುದಿಲ್ಲ. ಜಾಮೀನು ಅರ್ಜಿ ಹಾಕಿದ ದಿನವೇ ಜೈಲಿನ ವೈದ್ಯರಿಗೆ ಇನ್ನೊಂದು ಪತ್ರ ಕೊಡಿ: ಬಿಡುಗಡೆಯ ಹೊತ್ತಿಗೆ ಚಿಕಿತ್ಸೆಯ ಸಾರಾಂಶ, 15 ದಿನದ ಗುಳಿಗೆ, ಕೊನೆಯ ಸೂಜಿಯ ತಾರೀಖು ಬೇಕು. ಗುಳಿಗೆಯನ್ನು ಮನೆಯಲ್ಲಿ ಒಬ್ಬರು ತಮ್ಮ ಹತ್ತಿರ ಇಟ್ಟುಕೊಂಡು ದಿನದ್ದು ದಿನಕ್ಕೆ ಕೊಡಬೇಕು. ಹೊರಬಂದ ಮೊದಲ ವಾರಗಳಲ್ಲೂ ಜೀವದ ಅಪಾಯ ಇದ್ದೇ ಇರುತ್ತದೆ. ಕುಡಿತವಿದ್ದವನು ಆ ರಾತ್ರಿಯೇ ಅಂಗಡಿ ಹುಡುಕುತ್ತಾನೆ, ಒಬ್ಬನನ್ನೇ ಬಸ್ಸಿಗೆ ಹತ್ತಿಸಬೇಡಿ. ಏಳು ದಿನದೊಳಗೆ ಆಸ್ಪತ್ರೆಗೆ ತೋರಿಸಿ. ಅದಕ್ಕೂ ಮುಂಚೆ ನಿದ್ದೆ ಕೆಟ್ಟರೆ, ಮಾತು ಕೆಟ್ಟರೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವಾಗ ಆ ಮೊದಲ ದಿನದ ಹಾಳೆಯ ನಿಮ್ಮ ಪ್ರತಿ ಕೈಯಲ್ಲಿರಲಿ, ಗುಳಿಗೆಯ ಹೆಸರು, ಪ್ರಮಾಣ ಅದನ್ನೇ ನೋಡಿ ಹೇಳಿ. ಜೈಲಿನಲ್ಲಿ ಬದಲಾಗಿದ್ದರೆ ಹಳೆಯದಕ್ಕೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು, ತಾರೀಖಿನೊಂದಿಗೆ ಬರೆದಿಡಿ.